ಬಿಟಿ ಬದನೆ: ಜಗಳ ಒಂದು, ಪ್ರಶ್ನೆ ಮೂರು

ಹೊರಗಿನಿಂದ ನೋಡಿದರೆ ಮಿರಿಮಿರಿ ಮಿಂಚುವ ಬದನೆ. ಹೆಚ್ಚಿದರೆ ಒಳಗೆ ಕಂದು ಸುರಂಗ, ಅದರ ತುಂಬ ಹಿಕ್ಕೆ, ಕೊನೆಯಲ್ಲಿ ನಸುಗೆಂಪು ಹುಳು. ಇದೇ ಕುಡಿ ಮತ್ತು ಕಾಯಿ ಕೊರೆಯುವ ಹುಳು. ಪತಂಗ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿ ಎಳೆ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರಿ, ತೂತಿಗೆ ಹಿಕ್ಕೆಯನ್ನೇ ಬಿರಡೆಯಾಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಯಾವ ಔಷಧವೂ ಅದಕ್ಕೆ ತಾಗುವುದು ಕಷ್ಟ. ಆದ್ದರಿಂದಲೇ ರೈತರು ಅದು ಒಳಹೋಗುವ ಮೊದಲೇ ತಾಗಲೆಂದು ಮತ್ತೆ ಮತ್ತೆ ಔಷಧ ಹೊಡೆಯುತ್ತಾರೆ, ಕೆಲವೊಮ್ಮೆ ಕೊಯ್ಲಿಗೆ ಒಂದೆರಡು ದಿನ ಇರುವಾಗಲೂ.

ಈ ಹುಳುವಿಗೆ ಮದ್ದಾಗಿ ಬಂದದ್ದು ಬಿಟಿ ಬದನೆ. ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಸಮಿತಿ 2009ರ ಅಕ್ಟೋಬರ್‌ನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ಕರೆದರು. ಕೊನೆಯದು ಬೆಂಗಳೂರಿನಲ್ಲಿ ನಡೆಯಿತು. 2010ರ ಫೆಬ್ರವರಿ 9ರಂದು ಅವರು ಬಿಟಿ ಬದನೆಗೆ ತಡೆ ಹಾಕಿದರು. ಪರ-ವಿರೋಧ ಇಂದಿಗೂ ಮುಗಿದಿಲ್ಲ. ಮುಗಿಯದಿರಲು ಒಂದು ಕಾರಣವಿದೆ: ಹೊಟ್ಟೆ, ಹೊಲ, ಬೀಜ ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳು ಇಲ್ಲಿ ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ.

ಕೆಲಸ ಮಾಡುವುದು ಹೇಗೆ?

ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಬಿಟಿ ಎಂದರೆ ಅದೇ. ಅದು ತಯಾರಿಸುವ ಒಂದು ಪ್ರೋಟೀನು ಪತಂಗದ ಜಾತಿಯ ಹುಳುಗಳಿಗೆ ಮಾರಕ. ಈ ಪ್ರೋಟೀನಿನ ಜೀನನ್ನು ಬದನೆಯ ಜೀವಕೋಶಕ್ಕೆ ಸೇರಿಸಿ ಗಿಡ ಬೆಳೆಸಿದರೆ ಗಿಡವೇ ಅದನ್ನು ತಯಾರಿಸತೊಡಗುತ್ತದೆ. ಹುಳು ಕಚ್ಚಿ ನುಂಗಿದಾಗ ಪ್ರೋಟೀನು ಅದರ ಕರುಳಿನ ಕ್ಷಾರದಲ್ಲಿ ಕರಗಿ, ಕಿಣ್ವಗಳಿಂದ ತುಂಡಾಗಿ ಚುರುಕಾಗುತ್ತದೆ. ಬಳಿಕ ಕರುಳಿನ ಗೋಡೆಯ ನಿರ್ದಿಷ್ಟ ತಾಣಗಳಿಗೆ ಅಂಟಿಕೊಂಡು ತೂತು ಮಾಡುತ್ತದೆ. ಹುಳು ತಿನ್ನುವುದನ್ನು ಬಿಟ್ಟು ಸಾಯುತ್ತದೆ. ಬಿಳಿನೊಣ, ಜಿಗಿಹುಳುಗಳಂಥ ರಸ ಹೀರುವ ಕೀಟಗಳಿಗೆ ಇದರಿಂದ ಏನೂ ಆಗದು. ಅವಕ್ಕೆ ಬೇರೆ ಔಷಧವೇ ಬೇಕು.

ಹೊಟ್ಟೆಯ ಪ್ರಶ್ನೆ

ಮನುಷ್ಯರ ಜಠರದಲ್ಲಿರುವುದು ಆಮ್ಲ. ಈ ಪ್ರೋಟೀನು ಅಂಟಿಕೊಳ್ಳುವ ತಾಣಗಳೂ ನಮ್ಮ ಕರುಳಿನಲ್ಲಿಲ್ಲ. ಬೇರೆ ಪ್ರೋಟೀನುಗಳಂತೆ ಇದೂ ಜೀರ್ಣವಾಗುತ್ತದೆ ಎಂಬುದು ಪರ ವಾದ. ಬಿಟಿ ಬ್ಯಾಕ್ಟೀರಿಯಾದ ದ್ರಾವಣವನ್ನು ಸಾವಯವ ಕೃಷಿಕರೇ ದಶಕಗಳಿಂದ ಸಿಂಪಡಿಸುತ್ತಿದ್ದಾರೆ. ಅಮೆರಿಕದ ವಿಜ್ಞಾನ ಅಕಾಡೆಮಿಗಳು 2016ರ ವರದಿಯಲ್ಲಿ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರ ಸಾಮಾನ್ಯ ಆಹಾರಕ್ಕಿಂತ ಹೆಚ್ಚು ಅಪಾಯಕಾರಿ ಎನ್ನಲು ಆಧಾರ ಸಿಕ್ಕಿಲ್ಲ ಎಂದಿವೆ.

ವಿರೋಧಿಗಳ ಪ್ರಶ್ನೆ ಬೇರೆ. ಬಿಟಿ ಬದನೆಯ ಸುರಕ್ಷತಾ ಪರೀಕ್ಷೆಗಳನ್ನು ಬಹುಮಟ್ಟಿಗೆ ನಡೆಸಿದ್ದು, ಇಲ್ಲವೇ ಹಣ ಕೊಟ್ಟು ನಡೆಸಿಸಿದ್ದು ಬೀಜ ಮಾರಬೇಕಾದ ಮಹಿಕೋ ಕಂಪನಿಯೇ. ದೀರ್ಘಾವಧಿಯ, ಸ್ವತಂತ್ರ ಪರೀಕ್ಷೆ ಎಲ್ಲಿ ಎಂದು ಅವರು ಕೇಳಿದರು. ತಡೆ ಹಾಕಲು ಸಚಿವರು ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಬಿಟಿ ಹತ್ತಿಬೀಜದ ಎಣ್ಣೆಯನ್ನು ನಾವು ವರ್ಷಗಳಿಂದ ತಿನ್ನುತ್ತಿದ್ದೇವಲ್ಲ ಎಂಬ ಮಾತೂ ಇಲ್ಲಿ ಬರುತ್ತದೆ. ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದು ಅತ್ಯಲ್ಪ, ಬದನೆಯನ್ನಾದರೋ ಇಡಿಯಾಗಿ ತಿನ್ನುತ್ತೇವೆ. ಹಾಗಾಗಿ ಎಣ್ಣೆಯ ಉದಾಹರಣೆಯಿಂದ ಬದನೆಯ ವಾದ ಗೆಲ್ಲುವುದಿಲ್ಲ.

ಹೊಲದ ಪ್ರಶ್ನೆ

ಬಾಂಗ್ಲಾದೇಶ 2013ರಲ್ಲಿ ಅನುಮತಿ ಕೊಟ್ಟು, ಮರುವರ್ಷ 20 ರೈತರಿಗೆ ಸಸಿ ಹಂಚಿತು. ಅಲ್ಲಿ ನಡೆದ ಅಧ್ಯಯನಗಳಲ್ಲಿ ಔಷಧದ ಖರ್ಚು ಇಳಿದಿದೆ, ಇಳುವರಿ ಏರಿದೆ. ಪರ ವಾದಿಗಳ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ ಇದು.

ಈ ಲಾಭ ಎಷ್ಟು ದಿನ ಉಳಿದೀತು ಎಂಬುದಕ್ಕೆ ನಮ್ಮ ಹತ್ತಿಯನ್ನು ನೋಡಬೇಕು. 2002ರಲ್ಲಿ ಬಂದ ಬಿಟಿ ಹತ್ತಿ ಮೊದಲು ಹಸಿರು ಕಾಯಿಕೊರಕವನ್ನು ಚೆನ್ನಾಗಿಯೇ ಹತೋಟಿಗೆ ತಂದಿತು. ಆದರೆ ದಿನವೂ ಅದೇ ವಿಷ ಉಣ್ಣುವ ಹುಳುಗಳಲ್ಲಿ ತಾಳಿಕೊಂಡವು ಮಾತ್ರ ಉಳಿದು, ತಮ್ಮಂಥವನ್ನೇ ಹೆಚ್ಚಿಸುತ್ತವೆ. ಇದನ್ನು ತಡೆಯಲೆಂದೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾಮಾನ್ಯ ಹತ್ತಿಬೀಜದ ಪೊಟ್ಟಣ ಬರುತ್ತಿತ್ತು. ಅದನ್ನು ಹೊಲದ ಸುತ್ತ ಬಿತ್ತಿದರೆ ಅಲ್ಲಿ ಬದುಕುಳಿದ ಸಾಧಾರಣ ಹುಳುಗಳು ನಿರೋಧಕ ಹುಳುಗಳ ಜೊತೆ ಕೂಡಿ, ನಿರೋಧಕ ಗುಣ ಬೇಗ ಹಬ್ಬದಂತೆ ತಡೆಯುತ್ತವೆ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಪುಸ್ತಕದ ಬದನೆಕಾಯಿಯಾಯಿತು. ತುಂಡು ಜಮೀನಿನಲ್ಲಿ ಹುಳುವಿಗೆಂದು ಹತ್ತಿ ಬೆಳೆಯುವವರು ಯಾರು? ಹೆಚ್ಚಿನವರು ಪೊಟ್ಟಣ ಬಿತ್ತಲೇ ಇಲ್ಲ. ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿಗೆ ಬಗ್ಗುತ್ತಿಲ್ಲವೆಂದು 2010ರಲ್ಲಿ ಬಿಟಿ ಹತ್ತಿಯನ್ನು ತಂದ ಕಂಪನಿಯೇ ಒಪ್ಪಿಕೊಂಡಿತು. ಮುಂದೆ ಎರಡನೆಯದಕ್ಕೂ ಅದೇ ಗತಿಯಾಯಿತು. ಬದನೆಯ ಮಡಿಗಳು ಹತ್ತಿ ಹೊಲಕ್ಕಿಂತ ಚಿಕ್ಕವು. ಅಲ್ಲಿ ಈ ನಿಯಮ ಪಾಲನೆ ಇನ್ನೂ ಕಷ್ಟ.

ಬೀಜದ ಪ್ರಶ್ನೆ

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದೇ ಜೀನನ್ನು ಉಡುಪಿ ಗುಳ್ಳ ಸೇರಿದಂತೆ ಸ್ಥಳೀಯ ತಳಿಗಳಿಗೆ ಸೇರಿಸಿತ್ತು. ಇವು ಹೈಬ್ರಿಡ್ ಅಲ್ಲ, ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ಕಂಪನಿಯ ಹೈಬ್ರಿಡ್ ಆದರೆ ಪ್ರತಿ ಬಾರಿ ಕೊಳ್ಳಬೇಕು. ಅಂದರೆ ರೈತ ಬೀಜಕ್ಕೆ ಕೈಚಾಚಬೇಕೇ ಎಂಬುದನ್ನು ತೀರ್ಮಾನಿಸುವುದು ಜೀನು ಅಲ್ಲ, ಬೀಜದ ಬಗೆ ಮತ್ತು ಒಡೆತನದ ಕರಾರು.

ಆದರೆ ಸ್ಥಳೀಯ ತಳಿಗೇ ಕೈಹಾಕಿದ್ದು ಬೇರೆ ಸಿಟ್ಟಿಗೆ ದಾರಿಯಾಯಿತು. ಗುಳ್ಳದ ಬೀಜ ಯತಿ ವಾದಿರಾಜರು ಕೊಟ್ಟದ್ದೆಂಬ ನಂಬಿಕೆ ಉಡುಪಿ ಬಳಿಯ ಮಟ್ಟು ಊರಿನದು. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಜೇನ್ನೊಣ ಪರಾಗ ಹೊತ್ತು ಹಾರಿದರೆ ಪಕ್ಕದ ಮಡಿಯ ತಳಿ ಬೆರಕೆಯಾಗಬಹುದು, ಹೆಸರಿನ ಜೊತೆ ಬೆಲೆಯೂ ಹೋಗಬಹುದು. ಜೀವವೈವಿಧ್ಯ ಕಾಯ್ದೆಯ ಅನುಮತಿಯಿಲ್ಲದೆ ಸ್ಥಳೀಯ ತಳಿಗಳನ್ನು ಬಳಸಲಾಗಿದೆ ಎಂಬ ದೂರೂ ದಾಖಲಾಯಿತು.

ಮುಂದಿನ ಸುದ್ದಿ ಬಂದಾಗ

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜೀನೋಮ್ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಇವುಗಳಲ್ಲಿ ಬೇರೆ ಜೀವಿಯ ಜೀನು ಇಲ್ಲ, ಹಾಗಾಗಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ಇದೆ. ಇಂಥ ಸುದ್ದಿ ಓದುವಾಗ ಕೇಳಬೇಕಾದ್ದು ಇಷ್ಟು: ಬದಲಾಗಿರುವುದು ಯಾವ ಗುಣ? ತಿನ್ನುವುದು ಯಾವ ಭಾಗ, ಪರೀಕ್ಷಿಸಿದವರು ಯಾರು? ಗುಣ ಬಾಳಿಕೆ ಬರಲು ರೈತ ಏನು ಮಾಡಬೇಕು, ಸಣ್ಣ ಹಿಡುವಳಿಯಲ್ಲಿ ಅದು ಆಗುವ ಮಾತೇ? ಬೀಜ ಎತ್ತಿಡಬಹುದೇ? ಭತ್ತಕ್ಕೂ ಬದನೆಗೂ ಉತ್ತರ ಒಂದೇ ಆಗಬೇಕಿಲ್ಲ. ಊಟಕ್ಕೆ ಸುರಕ್ಷಿತ ಎಂದು ಸಾಬೀತಾದ ಮಾತ್ರಕ್ಕೆ ಹೊಲಕ್ಕೂ ಒಳ್ಳೆಯದು ಎಂದಾಗದು, ಕಂಪನಿಯ ಮೇಲಿನ ಸಿಟ್ಟು ಕಾಯಿಯಲ್ಲಿ ವಿಷವಿದೆ ಎಂಬುದಕ್ಕೆ ಪುರಾವೆಯೂ ಆಗದು.