ಸ್ಕ್ಯಾನ್ ಮಾಡಿ ನೋಡಿ, ಪಿನ್ ಮಾತ್ರ ಕೊಡಬೇಡಿ

ಗೌರಿಬಿದನೂರಿನ ಹಾಲು ಉತ್ಪಾದಕ ಸಹೋದರಿಯರೇ,

ಡೇರಿಗೆ ಹಾಲು ಹಾಕಿ ಬರುವಾಗ ಅಂಗಡಿಯಲ್ಲಿ ಕಾಣುವ ಕಪ್ಪು-ಬಿಳುಪು ಚೌಕವೇ ಕ್ಯೂಆರ್ ಕೋಡ್. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯವರು ವಾಹನದ ಬಿಡಿಭಾಗಗಳ ಲೆಕ್ಕಕ್ಕೆಂದು ಇದನ್ನು ರೂಪಿಸಿದರು. ಈಗ ನಿಮ್ಮ ಮಕ್ಕಳ ಪಠ್ಯಪುಸ್ತಕದಲ್ಲೂ ಇದೆ. ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೊ ತೆರೆಯುತ್ತದೆ.

ಇದರ ಮುಂದಿನ ಹೆಜ್ಜೆ ಆಗ್ಮೆಂಟೆಡ್ ರಿಯಾಲಿಟಿ. ಹಸುವಿನ ಚಿತ್ರ ಜೋಡಿಸಿದ ಕೋಡ್ ಸ್ಕ್ಯಾನ್ ಮಾಡಿ, ಕ್ಯಾಮೆರಾಗೆ ಅನುಮತಿ ಕೊಟ್ಟರೆ, ನಿಮ್ಮದೇ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ನಿಂತಂತೆ ಪರದೆಯಲ್ಲಿ ಕಾಣುತ್ತದೆ. ಫೋನ್ ಹಿಡಿದು ಸುತ್ತ ನಡೆದರೆ ಕೆಚ್ಚಲು, ಗೊರಸು ಎಲ್ಲವನ್ನೂ ನೋಡಬಹುದು.

ಆದರೆ ಕೋಡ್‌ನಲ್ಲಿ ಹಸು ಇರುವುದಿಲ್ಲ, ಇಂಟರ್ನೆಟ್ ವಿಳಾಸವಷ್ಟೇ ಇರುತ್ತದೆ. ಅದು ಎಲ್ಲಿಗೆ ಒಯ್ಯುತ್ತದೆಂದು ಚೌಕ ನೋಡಿದರೆ ಗೊತ್ತಾಗದು. ಆದ್ದರಿಂದ:

• ತೆರೆಯುವ ಮುನ್ನ ಪರದೆಯಲ್ಲಿ ಬರುವ ವಿಳಾಸ ಓದಿ. ತಿಳಿಯದಿದ್ದರೆ ಮಕ್ಕಳಿಂದ ಓದಿಸಿ.
• ಚಿತ್ರ ನೋಡಲು ಕ್ಯಾಮೆರಾ ಸಾಕು. ಪಿನ್, ಒಟಿಪಿ ಕೇಳಿದರೆ ಕೂಡಲೇ ಮುಚ್ಚಿ.
• ಯುಪಿಐ ಪಿನ್ ಹಾಕುವುದು ಹಣ ಕೊಡಲು. ನಮಗೆ ಹಣ ಬರಲು ಪಿನ್ ಬೇಕಿಲ್ಲ.
• ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೊಸದನ್ನು ಧೈರ್ಯವಾಗಿ ಕಲಿಯಿರಿ. ಬಟವಾಡೆಯ ಹಣ ನಿಮ್ಮ ಬೆವರಿನದು. ಅದರ ಬೀಗದ ಕೈ ನಿಮ್ಮಲ್ಲೇ ಇರಲಿ.