ಅಗ್ಗಕ್ಕೂ ಒಂದು ಲೆಕ್ಕವಿದೆ

ಒಂದು ಕಿಲೋ ತೊಗರಿಬೇಳೆಗೂ ಒಂದು ಕಿಲೋ ಸೋಯಾ ಚಂಕ್ಸ್‌ಗೂ ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಪ್ರೋಟೀನಿನ ಲೆಕ್ಕ ತೆಗೆದರೆ ಮಾತ್ರ ಅಜಗಜಾಂತರ. ನೂರು ಗ್ರಾಂ ಬೇಳೆಯಲ್ಲಿ ಇರುವುದು ಸುಮಾರು 22 ಗ್ರಾಂ, ಚಂಕ್ಸ್‌ನಲ್ಲಿ 52 ಗ್ರಾಂ. ಆದರೂ ಪ್ರೋಟೀನ್ ಬೇಕೆಂದು ಸೂಪರ್‌ಮಾರ್ಕೆಟ್ಟಿಗೆ ಬಂದವರ ಕೈ ಮೊದಲು ಹೋಗುವುದು ಥಳಥಳಿಸುವ ಪ್ರೋಟೀನ್ ಬಾರ್‌ಗಳ ಕಡೆಗೆ. ಬಾರ್ ಕಣ್ಣಿನ ಎತ್ತರದಲ್ಲಿರುತ್ತದೆ; ಚಂಕ್ಸ್ ಬೇಕಿದ್ದವರು ಬಗ್ಗಬೇಕು.

ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ಕೊಳ್ಳಬಾರದೆಂಬ ಬುದ್ಧಿವಾದ ನಮ್ಮಲ್ಲಿ ಹಳೆಯದು. ಆ ಎಚ್ಚರಿಕೆ ಸುಳ್ಳಲ್ಲ. ಆದರೆ ಬೆಲೆ ಇಳಿಯುವುದಕ್ಕೆ ಗುಣ ಇಳಿದದ್ದೊಂದೇ ಕಾರಣವಾಗಬೇಕಿಲ್ಲ. ಇನ್ನೊಂದು ಉದ್ದಿಮೆಯ ಉಪ ಉತ್ಪನ್ನವಾದ್ದರಿಂದ ಒಂದು ಪದಾರ್ಥ ಅಗ್ಗ, ಸುಗ್ಗಿಯಲ್ಲಿ ರಾಶಿಗಟ್ಟಲೆ ಕೊಂಡಿಟ್ಟದ್ದರಿಂದ ಮತ್ತೊಂದು ಅಗ್ಗ, ಜಾಹೀರಾತಿಗೆ ಯಾರೂ ದುಡ್ಡು ಸುರಿಯದ್ದರಿಂದ ಮಗದೊಂದು ಅಗ್ಗ. ಯಾವುದು ಯಾವ ಕಾರಣಕ್ಕೆ ಅಗ್ಗ ಎಂಬುದು ಗೊತ್ತಿದ್ದರೆ ಬುಟ್ಟಿ ತುಂಬುವ ಕೆಲಸ ಸುಲಭ.

ಎಣ್ಣೆಯ ಹಿಂದೆ ಉಳಿದದ್ದು

ಸೋಯಾ ಕಾಳಿನಲ್ಲಿ ಎಣ್ಣೆಯ ಪಾಲು ಶೇ. 18ರಿಂದ 20. ಪ್ರೋಟೀನ್ ಹತ್ತಿರಹತ್ತಿರ ಶೇ. 40. ಕರ್ನಾಟಕದಲ್ಲಿ ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ಕಪ್ಪು ಮಣ್ಣಿನಲ್ಲಿ ಮುಂಗಾರಿಗೆ ಇದರದ್ದೇ ಹಸಿರು. ಕಾರ್ಖಾನೆಯಲ್ಲಿ ಕಾಳಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಹೆಚ್ಚಿನದು ಕೋಳಿ, ದನಗಳ ಮೇವಿಗೆ ಹೋಗುತ್ತದೆ. ಒಳ್ಳೆಯ ದರ್ಜೆಯ ಒಂದು ಪಾಲನ್ನು ಹಿಟ್ಟು ಮಾಡಿ, ನೀರು ಬೆರೆಸಿ, ಬಿಸಿ ಮತ್ತು ಒತ್ತಡದಲ್ಲಿ ಎಕ್ಸ್‌ಟ್ರೂಡರ್ ಯಂತ್ರದ ಸಣ್ಣ ತೂತಿನಿಂದ ಹೊರದಬ್ಬುತ್ತಾರೆ. ಒತ್ತಡ ಕಳಚಿದ ಕ್ಷಣವೇ ಒಳಗಿನ ನೀರು ಆವಿಯಾಗಿ ಹಿಟ್ಟು ಉಬ್ಬುತ್ತದೆ, ನಾರುನಾರಾಗುತ್ತದೆ. ಒಣಗಿಸಿದರೆ ಅದೇ ಚಂಕ್ಸ್. ನಮ್ಮ ಅನೇಕ ಮನೆಗಳಲ್ಲಿ ಅದರ ಹೆಸರು ಮೀಲ್ ಮೇಕರ್. ಎಣ್ಣೆ ಆಗಲೇ ಬೇರೆ ಬೆಲೆಗೆ ಮಾರಿಹೋಗಿರುವುದರಿಂದ ಕಾಳಿನ ಪೂರ್ತಿ ಖರ್ಚು ಚಂಕ್ಸ್‌ನ ಮೇಲೆ ಬೀಳುವುದಿಲ್ಲ.

ಇಲ್ಲೊಂದು ಮಾತು ನೆನಪಿರಲಿ. 52 ಗ್ರಾಂ ಎಂಬುದು ಒಣ ಚಂಕ್ಸ್‌ನ ಲೆಕ್ಕ. ಬಿಸಿನೀರಿಗೆ ಬಿದ್ದ ಮೇಲೆ ಅದರ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಹಾಗಾಗಿ ತಟ್ಟೆಗೆ ಬಂದ ನೂರು ಗ್ರಾಂ ಪಲ್ಯದಲ್ಲಿ ಸಿಗುವುದು ಹದಿನೈದು ಹದಿನೇಳು ಗ್ರಾಂ ಪ್ರೋಟೀನ್. ಅದೂ ಕಡಿಮೆಯೇನಲ್ಲ. ಮನೆಯಲ್ಲಿ ಒಬ್ಬರ ಪಾಲಿಗೆ 50 ಗ್ರಾಂ ಒಣ ಚಂಕ್ಸ್ ಹಾಕಿದರೆ 26 ಗ್ರಾಂ ಪ್ರೋಟೀನ್ ಬಂತು.

ಚಂಕ್ಸ್ ಹಲವರಿಗೆ ರುಚಿಸದಿರುವುದು ಅದರ ಹಸಿ ವಾಸನೆಯಿಂದ. ಉಪಾಯ ಸರಳವಾಗಿದೆ. ಉಪ್ಪು ಹಾಕಿ ಕುದಿಸಿದ ನೀರಿನಲ್ಲಿ ಐದು ನಿಮಿಷ ಬಿಟ್ಟು, ತಣ್ಣೀರಿನಲ್ಲಿ ತೊಳೆದು, ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಮೊದಲ ಸಲ ಹಿಂಡಿದಾಗ ಬರುವ ನೀರು ನೊರೆನೊರೆಯಾಗಿ, ಕೊಂಚ ಮಬ್ಬಾಗಿರುತ್ತದೆ, ವಾಸನೆಯೆಲ್ಲ ಅದರಲ್ಲೇ. ಇನ್ನೊಮ್ಮೆ ತೊಳೆದು ಹಿಂಡಿದರೆ ಚಂಕ್ಸ್ ಸ್ಪಂಜಿನಂತೆ ಖಾಲಿಯಾಗುತ್ತದೆ, ಆಮೇಲೆ ಹಾಕಿದ ಮಸಾಲೆಯನ್ನು ಪೂರ್ತಿ ಹೀರುತ್ತದೆ. ಕೊತ್ತಂಬರಿ, ತೆಂಗಿನಕಾಯಿ, ಚಕ್ಕೆ, ಲವಂಗ ರುಬ್ಬಿದ ಸಾರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಸುಗ್ಗಿಯಲ್ಲಿ ಕೊಂಡ ಬಟಾಣಿ

ಫ್ರೀಜರಿನಲ್ಲಿರುವ ಬಟಾಣಿಯನ್ನು ಕಂಡರೆ ಹಿರಿಯರು ಮೂಗು ಮುರಿಯುವುದುಂಟು. ‘ತಾಜಾ’ ಎಂದರೆ ಸಿಪ್ಪೆಯೊಳಗೇ ಇರಬೇಕು ಎಂಬ ನಂಬಿಕೆ. ಬಟಾಣಿಯ ವಿಷಯದಲ್ಲಿ ಇದು ತಿರುಗುಮುರುಗು. ಗಿಡದಿಂದ ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಲಾರಿ, ಮಂಡಿ, ತಳ್ಳುಗಾಡಿ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಸಿಹಿ ಅರ್ಧ ಹೋಗಿರುತ್ತದೆ. ಕಾರ್ಖಾನೆಗೆ ಹೋದ ಬಟಾಣಿ ಬೇಗನೆ ಸುಲಿಸಿಕೊಂಡು, ಒಂದೆರಡು ನಿಮಿಷ ಬಿಸಿನೀರಿನಲ್ಲಿ ಮುಳುಗಿ, ಶೂನ್ಯಕ್ಕಿಂತ ಬಹಳ ಕೆಳಗಿನ ತಂಪುಗಾಳಿಯಲ್ಲಿ ಬಿಡಿಬಿಡಿಯಾಗಿ ಗಟ್ಟಿಯಾಗುತ್ತದೆ. ಬಿಸಿನೀರು ಬಣ್ಣ, ರುಚಿ ಕೆಡಿಸುವ ಕಿಣ್ವಗಳನ್ನು ಸುಮ್ಮನಾಗಿಸುತ್ತದೆ. ವೇಗವಾಗಿ ಹೆಪ್ಪುಗಟ್ಟುವುದರಿಂದ ಮಂಜಿನ ಹರಳುಗಳು ಸಣ್ಣದಾಗಿಯೇ ಉಳಿದು ಕಾಳು ಒಡೆಯುವುದಿಲ್ಲ.

ಈ ವೇಗದ ಗುಟ್ಟನ್ನು ವ್ಯಾಪಾರವಾಗಿಸಿದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. 1910ರ ದಶಕದಲ್ಲಿ ಈಗಿನ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದಾಗ, ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಯಲ್ಲಿ ಕ್ಷಣಮಾತ್ರದಲ್ಲಿ ಕಲ್ಲಾಗುವುದನ್ನೂ, ತಿಂಗಳುಗಳ ನಂತರ ಕರಗಿಸಿದರೂ ರುಚಿ ಕೆಡದಿರುವುದನ್ನೂ ಅವರು ಗಮನಿಸಿದರು. 1930ರ ಮಾರ್ಚ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಅವರ ಫ್ರೋಜನ್ ಸರಕು ಮೊದಲು ಮಾರಾಟಕ್ಕೆ ಬಂತು. ಅದರಲ್ಲಿ ಬಟಾಣಿಯೂ ಇತ್ತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು 2015ರಲ್ಲಿ ಎಂಟು ಬಗೆಯ ಹಣ್ಣು ತರಕಾರಿಗಳನ್ನು ಫ್ರಿಜ್ಜಿನಲ್ಲೂ ಫ್ರೀಜರಿನಲ್ಲೂ ಇಟ್ಟು ಹೋಲಿಸಿದರು. ವಿಟಮಿನ್ ಸಿ ವಿಚಾರದಲ್ಲಿ ಫ್ರೋಜನ್ ಸರಕು ಎಲ್ಲೂ ಹಿಂದೆ ಬೀಳಲಿಲ್ಲ, ಕೆಲವುದರಲ್ಲಿ ಮುಂದೆಯೇ ಇತ್ತು. ಬೀಟಾ ಕ್ಯಾರೋಟಿನ್ ಮಾತ್ರ ಕೆಲವು ತರಕಾರಿಗಳಲ್ಲಿ ಗಣನೀಯವಾಗಿ ಇಳಿದಿತ್ತು.

ಬೆಲೆ ಹೋಲಿಸುವಾಗ ಗೃಹಿಣಿಯರಿಗೆ ಗೊತ್ತಿರುವ ಲೆಕ್ಕವನ್ನು ಮರೆಯಬಾರದು: ಒಂದು ಕಿಲೋ ಬಟಾಣಿ ಸುಲಿದರೆ ಕೈಗೆ ಬರುವ ಕಾಳು ಅರ್ಧ ಕಿಲೋ ಆಸುಪಾಸು. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಸುಗ್ಗಿಯಲ್ಲಿ ಹಸಿ ಬಟಾಣಿಯನ್ನೇ ಕೊಳ್ಳುವುದು ಜಾಣತನ. ಜುಲೈನಲ್ಲಿ ಪಲಾವ್ ಮಾಡುವವರಿಗೆ ಪೊಟ್ಟಣವೇ ಲಾಭ. ಕೊಳ್ಳುವ ಮೊದಲು ಒಮ್ಮೆ ಪೊಟ್ಟಣ ಅಲುಗಾಡಿಸಿ. ಕಾಳು ಗೋಲಿಗಳ ಹಾಗೆ ಬಿಡಿಬಿಡಿಯಾಗಿ ಸದ್ದು ಮಾಡಿದರೆ ಸರಿ. ಒಂದೇ ಮುದ್ದೆಯಾಗಿದ್ದರೆ ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಅದನ್ನು ಅಲ್ಲೇ ಬಿಡಿ.

ನೀಲಿ ಪೊಟ್ಟಣದ ಹಾಲು

ಟೋನ್ಡ್ ಹಾಲೆಂದರೆ ನೀರು ಬೆರೆಸಿದ ಹಾಲು ಎಂಬ ಅನುಮಾನ ಇನ್ನೂ ಹೋಗಿಲ್ಲ. ಆ ಅನುಮಾನಕ್ಕೆ ಚರಿತ್ರೆಯಲ್ಲಿ ಒಂದು ಎಳೆ ಇದೆ. ಅಂದಿನ ಬೊಂಬಾಯಿಯಲ್ಲಿ ಹಾಲಿನ ಸರಬರಾಜು ನೋಡಿಕೊಳ್ಳುತ್ತಿದ್ದ ದಾರಾ ಖುರೋಡಿ 1946ರಲ್ಲಿ ಒಂದು ಉಪಾಯ ಹೂಡಿದರು. ಎಮ್ಮೆಹಾಲಿನಲ್ಲಿ ಕೊಬ್ಬು ಶೇ. 7ರಷ್ಟು. ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರು ಸೇರಿಸಿದರೆ ಕೊಬ್ಬು ಇಳಿಯುತ್ತದೆ, ಪ್ರೋಟೀನ್ ಮತ್ತು ಸುಣ್ಣದಂಶ ಉಳಿಯುತ್ತದೆ, ಹಾಲು ಹೆಚ್ಚು ಜನರಿಗೆ ಕೈಗೆಟಕುವ ಬೆಲೆಗೆ ಸಿಗುತ್ತದೆ. ಖುರೋಡಿ ಅವರಿಗೆ 1963ರಲ್ಲಿ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲ್ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗಿನ ಕಾನೂನಿನ ಪ್ರಕಾರ ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ. 3 ಕೊಬ್ಬು, ಶೇ. 8.5 ಕೊಬ್ಬೇತರ ಘನಾಂಶ ಇರಲೇಬೇಕು. ಪ್ರೋಟೀನ್, ಕ್ಯಾಲ್ಸಿಯಂ ಇರುವುದು ಈ ಎರಡನೆಯ ಅಂಕಿಯಲ್ಲಿ. ಗಟ್ಟಿಹಾಲಿಗೂ ಇದಕ್ಕೂ ಮುಖ್ಯ ವ್ಯತ್ಯಾಸ ಕೆನೆಯದು. 2025ರ ಏಪ್ರಿಲ್‌ನ ಬೆಲೆ ಏರಿಕೆಯ ನಂತರ ನಂದಿನಿಯ ನೀಲಿ ಪೊಟ್ಟಣದ ಟೋನ್ಡ್ ಹಾಲು ಲೀಟರಿಗೆ 46 ರೂಪಾಯಿ ಆಯಿತು. ಏರಿತೆಂದು ಎಲ್ಲರೂ ಗೊಣಗಿದರೂ ಒಂದು ಲೀಟರಿನಲ್ಲಿ ಮೂವತ್ತು ಗ್ರಾಮಿನಷ್ಟು ಪ್ರೋಟೀನ್ ಕೊಡುವ ಸಿದ್ಧ ಆಹಾರ ಈ ಬೆಲೆಗೆ ಬೇರೆ ಹುಡುಕುವುದು ಕಷ್ಟ. ನಂದಿನಿಯನ್ನು ಮಾರುವ ಕರ್ನಾಟಕ ಹಾಲು ಮಹಾಮಂಡಳಿಯಲ್ಲಿ ಹಾಲು ಹಾಕುವ ರೈತರೇ ಸಂಘದ ಸದಸ್ಯರು, ಬೆಲೆ ಹಿಡಿತದಲ್ಲಿರುವುದಕ್ಕೆ ಈ ಸಹಕಾರಿ ಏರ್ಪಾಡಿನ ಪಾಲೂ ಇದೆ. ಕೆನೆ, ಬೆಣ್ಣೆ, ತುಪ್ಪ ಬೇಕಾದ ಮನೆಗೆ ಗಟ್ಟಿಹಾಲೇ ಸರಿ. ಎರಡು ವರ್ಷದೊಳಗಿನ ಮಕ್ಕಳಿಗೂ ಕೊಬ್ಬು ಬೇಕು. ಕಾಫಿ, ಮೊಸರು, ಮಜ್ಜಿಗೆಗೆ ನೀಲಿ ಪೊಟ್ಟಣ ಸಾಕು.

ಅಗ್ಗಕ್ಕೆ ತೆರಿಗೆಯೂ ಒಂದು ಕಾರಣವಾಗಬಹುದು: 2025ರ ಸೆಪ್ಟೆಂಬರ್ 22ರಿಂದ ತಿಂಗಳುಗಟ್ಟಲೆ ಕೆಡದ ಯುಎಚ್‌ಟಿ ಹಾಲಿಗೂ ಪೊಟ್ಟಣದ ಪನೀರಿಗೂ ಜಿಎಸ್‌ಟಿ ಪೂರ್ತಿ ತೆಗೆಯಲಾಗಿದೆ.

ಜಾಹೀರಾತಿಲ್ಲದ ರಾಗಿ, ಶೇಂಗಾ

ಬಾದಾಮಿಗೆ ಅಂತರರಾಷ್ಟ್ರೀಯ ಪ್ರಚಾರವಿದೆ. ಶೇಂಗಾಕ್ಕೆ ಬೆಂಗಳೂರು ಬಸವನಗುಡಿಯ ಕಡಲೆಕಾಯಿ ಪರಿಷೆ ಬಿಟ್ಟರೆ ಹೇಳಿಕೊಳ್ಳುವವರಿಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, ಬಾದಾಮಿಯಲ್ಲಿ 21. ಬೆಲೆಯಲ್ಲಿ ಬಾದಾಮಿ ಹಲವು ಪಟ್ಟು ಮುಂದೆ. ವಿಟಮಿನ್ ಇ, ಕ್ಯಾಲ್ಸಿಯಂ ವಿಷಯದಲ್ಲಿ ಬಾದಾಮಿ ಮೇಲು ಎಂಬುದು ನಿಜ, ಆದರೆ ದಿನದ ಹಿಡಿ ಕಾಳಿಗೆ ಆ ವ್ಯತ್ಯಾಸಕ್ಕಾಗಿ ಅಷ್ಟು ದುಡ್ಡು ತೆರಬೇಕೇ ಎಂದು ಯೋಚಿಸಬಹುದು. ಅದೇ ಶೇಂಗಾ ಬಾಟಲಿ ಸೇರಿ ಪೀನಟ್ ಬಟರ್ ಆದರೆ ಬೆಲೆ ಎರಡು ಮೂರು ಪಟ್ಟಾಗುತ್ತದೆ. ಉತ್ತರ ಕರ್ನಾಟಕದ ಶೇಂಗಾ ಚಟ್ನಿಪುಡಿ ಅದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಒಂದೇ ಎಚ್ಚರಿಕೆ: ಬೂಷ್ಟು ಹಿಡಿದ, ಸುಕ್ಕಿದ, ಕಹಿಯಾದ ಕಾಳನ್ನು ಆರಿಸಿ ಎಸೆಯಬೇಕು. ಅಂಥ ಕಾಳಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರುವ ಸಾಧ್ಯತೆ ಉಂಟು.

ರಾಗಿಯ ಮಾತು ಇನ್ನೂ ಸ್ವಾರಸ್ಯ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಬಳಕೆಯ ಬೇರೆ ಯಾವ ಧಾನ್ಯವೂ ಇದರ ಹತ್ತಿರ ಸುಳಿಯುವುದಿಲ್ಲ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದು ‘ರಾಗಿ ಬ್ರಹ್ಮ’ ಎನಿಸಿಕೊಂಡ ಲಕ್ಷ್ಮಣಯ್ಯ ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಮೇಲೆ ಇಳುವರಿ ಏರಿತು. ಈ ಬೆಳೆಯಲ್ಲಿ ದೇಶಕ್ಕೇ ಕರ್ನಾಟಕ ಮೊದಲು. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ 50 ರೂಪಾಯಿಯೂ ಇಲ್ಲ.

ಅದೇ ರಾಗಿ ಬಿಸ್ಕತ್ತಿನ ಹೆಸರಿನಲ್ಲಿ ಬಂದರೆ ಕಥೆಯೇ ಬೇರೆ. ಪೊಟ್ಟಣದ ಮುಂದೆ ದೊಡ್ಡ ಅಕ್ಷರದಲ್ಲಿ ರಾಗಿ, ತೆನೆಯ ಚಿತ್ರ. ಹಿಂದೆ ತಿರುಗಿಸಿದರೆ ಹಲವು ಪೊಟ್ಟಣಗಳಲ್ಲಿ ಮೊದಲ ಹೆಸರು ಗೋಧಿಹಿಟ್ಟು ಅಥವಾ ಮೈದಾ, ಆಮೇಲೆ ಸಕ್ಕರೆ, ಎಣ್ಣೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬ ನಿಯಮ ಇರುವುದರಿಂದ ಈ ಪಟ್ಟಿ ಸುಳ್ಳು ಹೇಳುವಂತಿಲ್ಲ.

ಅಂಗಡಿಯೇ ನಷ್ಟ ತಿಂದಾಗ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಕಾಸ್ಟ್‌ಕೋ ಎಂಬ ದೊಡ್ಡ ಮಳಿಗೆ ಹೊಸದಲ್ಲ. ಅಲ್ಲಿ ಇಡಿಯಾಗಿ ಸುಟ್ಟ ಕೋಳಿಯ ಬೆಲೆ ವರ್ಷಗಳಿಂದ 4.99 ಡಾಲರ್, ಹಾಟ್ ಡಾಗ್ ಮತ್ತು ತಂಪು ಪಾನೀಯದ ಜೋಡಿ 1985ರಿಂದ ಒಂದೂವರೆ ಡಾಲರ್. ಕೋಳಿಯ ಕೌಂಟರ್ ಅಂಗಡಿಯ ತೀರಾ ಹಿಂದುಗಡೆ ಇರುತ್ತದೆ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಗಾಡಿಗೆ ಇನ್ನೇನೇನೋ ಬಿದ್ದಿರುತ್ತದೆ, ಕಂಪನಿಗೆ ಲಾಭ ಅದರಲ್ಲಿ. ಬೆಲೆ ಏರಿಸದಿರಲೆಂದೇ ಕಾಸ್ಟ್‌ಕೋ 2019ರಲ್ಲಿ ನೆಬ್ರಾಸ್ಕದ ಫ್ರೀಮಾಂಟ್‌ನಲ್ಲಿ ಸ್ವಂತ ಕೋಳಿ ಸಂಸ್ಕರಣಾ ಘಟಕ ತೆರೆಯಿತು. ನಮ್ಮಲ್ಲೂ ಸಕ್ಕರೆ, ಎಣ್ಣೆ, ಬೇಳೆಯ ಮೇಲಿನ ಭಾರೀ ರಿಯಾಯಿತಿಯ ಹಿಂದೆ ಇದೇ ತಂತ್ರವಿರುತ್ತದೆ. ರಿಯಾಯಿತಿಯ ಸಕ್ಕರೆಯಷ್ಟನ್ನೇ ಕೊಂಡು ಹೊರಬರುವ ಗಿರಾಕಿಗೆ ಅದು ನಿಜವಾದ ಲಾಭ.

ಅಂಗಡಿಗಳ ಸ್ವಂತ ಬ್ರ್ಯಾಂಡಿನ ಬೇಳೆ, ರವೆ, ಅವಲಕ್ಕಿಯೂ ಹೀಗೇ ನೋಡಬೇಕಾದ ಸರಕು. ಇವುಗಳಿಗೆ ಟಿ.ವಿ. ಜಾಹೀರಾತಿನ ಖರ್ಚು ಅಷ್ಟಾಗಿ ಇರುವುದಿಲ್ಲ. ತಯಾರಿಸಿದವರು ಅಥವಾ ಪ್ಯಾಕ್ ಮಾಡಿದವರು ಯಾರು ಎಂಬುದು ಹಿಂಬದಿಯಲ್ಲಿ ಮುದ್ರಿತವಾಗಿರುತ್ತದೆ. ಒಂದೇ ಪದಾರ್ಥದ ಸರಕಿನಲ್ಲಿ, ಅಂದರೆ ಬೇಳೆ, ಉಪ್ಪು, ಸಕ್ಕರೆಯಂಥದ್ದರಲ್ಲಿ, ಬ್ರ್ಯಾಂಡ್ ಬದಲಿಸಿದರೆ ಕಳೆದುಕೊಳ್ಳುವುದು ಕಡಿಮೆ. ಸಾಂಬಾರ್ ಪುಡಿ, ಉಪ್ಪಿನಕಾಯಿಯಂಥ ಮಿಶ್ರಣದಲ್ಲಿ ಸಣ್ಣ ಪೊಟ್ಟಣ ತಂದು ರುಚಿ ನೋಡಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಲೆಕ್ಕವನ್ನು ತಲೆಯಲ್ಲೇ ಹಾಕಬೇಕಾಗಿಲ್ಲ. ಪೊಟ್ಟಣದ ಸರಕಿನ ಮೇಲೆ ಎಂಆರ್‌ಪಿ ಜೊತೆಗೆ ಬಿಡಿ ಅಳತೆಯ ಬೆಲೆಯನ್ನೂ ಮುದ್ರಿಸಬೇಕೆಂದು ಈಗ ಕಾನೂನೇ ಹೇಳುತ್ತದೆ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿಗೆ ಇಷ್ಟು, ಹೆಚ್ಚಿದ್ದರೆ ಕಿಲೋಗೆ ಇಷ್ಟು. ಗ್ರಾಮಿಗೆ 0.15 ರೂಪಾಯಿ ಎಂದಿದ್ದರೆ ಕಿಲೋಗೆ 150 ರೂಪಾಯಿ ಬಿತ್ತು. ಹತ್ತು ರೂಪಾಯಿಯ ಪೊಟ್ಟಣ ಹತ್ತು ರೂಪಾಯಿಯಲ್ಲೇ ಉಳಿದು ಒಳಗಿನ ತೂಕ ಕರಗಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ‘ಫ್ಯಾಮಿಲಿ ಪ್ಯಾಕ್’ ಸಣ್ಣ ಪ್ಯಾಕಿಗಿಂತ ದುಬಾರಿ ಎಂಬುದೂ ಕೆಲವೊಮ್ಮೆ ಇಲ್ಲಿಯೇ ಗೊತ್ತಾಗುತ್ತದೆ.

ಮುಂದಿನ ಸಲ ಬಿಲ್ ಮಾಡಿಸುವ ಮುಂಚೆ ಬುಟ್ಟಿಯಲ್ಲಿರುವ ದುಬಾರಿ ಪೊಟ್ಟಣವೊಂದನ್ನು ತಿರುಗಿಸಿ ಗ್ರಾಮಿನ ಬೆಲೆಯನ್ನೂ ಮೊದಲ ಪದಾರ್ಥವನ್ನೂ ಓದಿ. ಆ ಪದಾರ್ಥ ಅದೇ ಅಂಗಡಿಯಲ್ಲಿ ಬಿಡಿಯಾಗಿ ಸಿಗುವಂತಿದ್ದರೆ ಪೊಟ್ಟಣವನ್ನು ವಾಪಸ್ ಇಟ್ಟು ಅದನ್ನೇ ಕೊಳ್ಳಿ.