ಯಾರ ಯುದ್ಧ, ಯಾರ ಧರ್ಮ?

ಆರ್‌.ಟಿ. ನಗರದ ಸಮೀಪ, ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಮೈಸೂರು ಸಂಸ್ಥಾನದ ಅಶ್ವಯೋಧರ ನೆನಪು ಅದು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಅವರು ಹೈಫಾ ನಗರವನ್ನು ತುರ್ಕರಿಂದ ಗೆದ್ದರು. ಅವರ ಶೌರ್ಯ ಪ್ರಶ್ನಾತೀತ. ಆದರೆ ಆ ಯುದ್ಧ ನಮ್ಮದಾಗಿತ್ತೇ? ಬ್ರಿಟಿಷ್ ಸಾಮ್ರಾಜ್ಯ ಯುದ್ಧದಲ್ಲಿತ್ತು, ಸಂಸ್ಥಾನ ಸೈನ್ಯ ಕಳುಹಿಸಿತು. ಪ್ರಜೆಗಳನ್ನು ಯಾರೂ ಕೇಳಲಿಲ್ಲ.

ಪರರ ಯುದ್ಧಕ್ಕಿಳಿಯುವುದು ಎಂದಿಗೂ ತಪ್ಪೆಂದು ನಾನು ಹೇಳಲಾರೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಾಗ ಕೈಕಟ್ಟಿ ಕುಳಿತಿದ್ದರೆ ಅದೇ ಅಧರ್ಮವಾಗುತ್ತಿತ್ತು. ಕಾರ್ಯ ಮುಗಿಸಿದ ನಮ್ಮ ಸೇನೆ 1972ರ ಮಾರ್ಚ್‌ನಲ್ಲಿ ಹಿಂದಿರುಗಿತು. 1987ರಲ್ಲಿ ಶಾಂತಿ ಪಾಲನೆಗೆಂದು ಶ್ರೀಲಂಕಾಕ್ಕೆ ತೆರಳಿದ ಪಡೆಯ ಕಥೆಯೇ ಬೇರೆ. ತಮಿಳರ ರಕ್ಷಣೆಗೆ ಹೋದವರು ಎಲ್‌ಟಿಟಿಇ ವಿರುದ್ಧವೇ ಕಾದಾಡಬೇಕಾಯಿತು. 1990ರಲ್ಲಿ ಮರಳುವ ವೇಳೆಗೆ ಸಾವಿರಕ್ಕೂ ಹೆಚ್ಚು ಯೋಧರು ಮಡಿದಿದ್ದರು.

ಇರಾಕಿಗೆ ಸೇನೆ ಕಳುಹಿಸುವಂತೆ 2003ರಲ್ಲಿ ಅಮೆರಿಕ ಕೋರಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಅದು ಅಸಾಧ್ಯವೆಂದು ವಾಜಪೇಯಿ ಸರ್ಕಾರ ತಿಳಿಸಿತು. ಸಂಸತ್ತು ಏಪ್ರಿಲ್‌ನಲ್ಲೇ ಆ ಯುದ್ಧವನ್ನು ಖಂಡಿಸಿತ್ತೆಂಬುದು ಇಲ್ಲಿ ಗಮನಾರ್ಹ.

ಆದರೂ, ಸೇನೆಯನ್ನು ಹೊರದೇಶಕ್ಕೆ ಕಳುಹಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂದು ನಮ್ಮ ಸಂವಿಧಾನ ಹೇಳುವುದಿಲ್ಲ. ಅಂಥ ಕಾನೂನು ಅಗತ್ಯವೆಂಬುದು ನನ್ನ ನಿಲುವು. ಹೋರಾಡುವುದು ಯೋಧನ ಧರ್ಮವಾದರೆ, ಏಕೆ ಹೋರಾಡಬೇಕೆಂದು ಮೊದಲೇ ಕೇಳುವುದು ಪ್ರಜೆಗಳ ಧರ್ಮ. ಲ್ಯಾನ್ಸರ್ಸ್ ಕಾಲದ ಪ್ರಜೆಗಳಿಗೆ ಆ ಹಕ್ಕಿರಲಿಲ್ಲ, ನಮಗಿದೆ.